ಪಾರ್ಸಿಕ್ ಬೆಟ್ಟದ ಎರಡು ಬದಿ

ಥಾಣೆಯಿಂದ ಕಲ್ಯಾಣ್ ಕಡೆಗೆ ಹೊರಟ ಎಕ್ಸ್‌ಪ್ರೆಸ್ ರೈಲು ಖಾಡಿ (ಕಡಲ ಹಿನ್ನೀರು) ದಾಟಿದ ಸ್ವಲ್ಪ ಹೊತ್ತಿಗೆ ಪಾರ್ಸಿಕ್ ಸುರಂಗಕ್ಕೆ ನುಗ್ಗುತ್ತದೆ. 1916ರಲ್ಲಿ ತೆರೆದ ಈ ಸುರಂಗ ಒಂದು ಕಿಲೋಮೀಟರಿಗಿಂತಲೂ ಉದ್ದ. ಒಳಗೆ ಹೋದ ಕೂಡಲೇ ಕೈಯಲ್ಲಿದ್ದ ರೇಡಿಯೊ ಮೂಕವಾಗುತ್ತದೆ. ಹೊರಗೆ ಬಂದಾಗ ಬೇರೆಯೇ ಸೀಮೆ: ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ್. ಉತ್ತರಕ್ಕೆ ಉಲ್ಹಾಸ್ ನದಿಯ ಬಯಲು. ಬೆಟ್ಟದ ಆಚೆ ಪಶ್ಚಿಮದಲ್ಲಿ ಥಾಣೆ ಖಾಡಿ, ಅದರ ದಂಡೆಯುದ್ದಕ್ಕೂ ಐರೋಲಿ, ರಬಾಳೆ, ಘನ್ಸೋಲಿ, ವಾಶಿ ಎಂದು ಸಾಲಾಗಿ ಬೆಳೆದ ನವಿಮುಂಬಯಿ. ನಕಾಶೆಯಲ್ಲಿ ಐರೋಲಿಗೂ ಡೊಂಬಿವಲಿಗೂ ಅಂಥ ದೂರವೇನಿಲ್ಲ. ಆದರೆ ನಡುವೆ ಪಾರ್ಸಿಕ್ ಬೆಟ್ಟಸಾಲು ಅಡ್ಡ ಮಲಗಿದೆ. ರೈಲಿನವರು ಅದನ್ನು ಕೊರೆದು ದಾರಿ ಮಾಡಿಕೊಂಡರು. ರೇಡಿಯೊ ಅಲೆಗೆ ಆ ಸೌಕರ್ಯವಿಲ್ಲ.

ನಾನು ಆ ಕಡೆ ಹೋದದ್ದು ಈ ಬೆಟ್ಟದ ಎರಡು ಬದಿಯಲ್ಲಿ, ಒಬ್ಬರು ಡೊಂಬಿವಲಿಯಲ್ಲಿ, ಇನ್ನೊಬ್ಬರು ಐರೋಲಿಯಲ್ಲಿ, ವಾಸವಾಗಿರುವ ಇಬ್ಬರು ಹಿರಿಯ ಹ್ಯಾಮ್‌ಗಳ ನಡುವೆ ಮಾತು ನಿಂತುಹೋಗಿದೆ ಎಂಬ ಸುದ್ದಿ ಕೇಳಿ. ಇಬ್ಬರೂ ನನಗೆ ಬೇಕಾದವರು. ಹ್ಯಾಮ್ ಎಂದರೆ ಹವ್ಯಾಸಿ ರೇಡಿಯೊದವರು. ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ತಮ್ಮದೇ ಕರೆ ಸಂಕೇತ ಇಟ್ಟುಕೊಂಡು ಮಾತಾಡುವವರು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಈ ಸಂಕೇತ ವಿಯು2 ಅಥವಾ ವಿಯು3 ಎಂದು ಆರಂಭವಾಗುತ್ತದೆ. ಇವರಿಗೆ ಬಿಟ್ಟುಕೊಟ್ಟ ಹಲವು ತರಂಗಪಟ್ಟಿಗಳಲ್ಲಿ ಊರೊಳಗಿನ ಮಾತಿಗೆ ಹೆಚ್ಚು ಬಳಕೆಯಾಗುವುದು 144ರಿಂದ 146 ಮೆಗಾಹರ್ಟ್ಸ್‌ವರೆಗಿನದು. ಅದು ಯಾರ ಸ್ವತ್ತೂ ಅಲ್ಲ, ಎಲ್ಲರಿಗೂ ಸೇರಿದ ಬಯಲು. ಅಲ್ಲಿ ಹುಟ್ಟುವ ಮನಸ್ತಾಪಗಳು ಹೊರಗಿನವರಿಗೆ ಚಿಕ್ಕವು ಅನ್ನಿಸಬಹುದು. ಆದರೆ ಮಕ್ಕಳೆಲ್ಲ ಬೇರೆ ಊರು ಸೇರಿ, ಸಂಜೆಯ ಹೊತ್ತು ರೇಡಿಯೊದ ನಾಲ್ಕು ದನಿಗಳೇ ಸಂಗಾತವಾಗಿರುವ ಮನೆಯಲ್ಲಿ ಅವು ಚಿಕ್ಕವಲ್ಲ.

ಡೊಂಬಿವಲಿಯ ಹಿರಿಯರು ಮೂಲತಃ ಉಡುಪಿಯ ಕಡೆಯವರು. ಇಲ್ಲಿನ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯದ ಮಾತು ಬಂದರೆ ಅವರ ಮುಖ ಅರಳುತ್ತದೆ. ಅವರ ಮನೆ ನಾಲ್ಕು ಮಾಳಿಗೆಯ ಹಳೆಯ ಕಟ್ಟಡದಲ್ಲಿ. ಸೊಸೈಟಿಯವರನ್ನು ಒಪ್ಪಿಸಿ ತಾರಸಿಯ ಮೇಲೆ ಆಂಟೆನಾ ನಿಲ್ಲಿಸಿದ್ದಾರೆ. ಚಹಾ ಕುಡಿದು ಮುಗಿಯುವ ಮೊದಲೇ ದೂರು ಹೊರಬಿತ್ತು.

“ನಾನು ಮಾತಾಡುವಾಗಲೇ ಅವರು ಶುರು ಮಾಡುವುದು ಮಾರಾಯ್ರೆ. ಒಂದು ಸಲ ಆದ್ರೆ ಹೋಗ್ಲಿ ಅಂತ ಬಿಡಬಹುದು. ಪ್ರತಿ ಆದಿತ್ಯವಾರವೂ ಹೀಗೇ ಆದ್ರೆ? ನನ್ನ ಪ್ರಶ್ನೆಗೆ ಉತ್ತರವೇ ಇಲ್ಲ. ಮೂವರು ಕೂತು ಮಾತಾಡುವಲ್ಲಿ ಒಬ್ಬರನ್ನು ಹೀಗೆ ಹೊರಗೆ ಇಡುವುದು ಸರಿಯಾ, ನೀವೇ ಹೇಳಿ.”

ಮೂರನೆಯವಳು ಥಾಣೆಯ ಹುಡುಗಿ, ಎಂಜಿನಿಯರಿಂಗ್ ಓದುತ್ತಿದ್ದಾಳೆ. ಹಿಂದೆ ಈ ಮೂವರೂ ರಿಪೀಟರ್ ಮೂಲಕ ಮಾತಾಡುತ್ತಿದ್ದರು. ರಿಪೀಟರ್ ಎಂದರೆ ಎತ್ತರದ ಜಾಗದಲ್ಲಿ ಕೂತು ಒಂದು ತರಂಗದಲ್ಲಿ ಕೇಳಿದ್ದನ್ನು ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಮರುಪ್ರಸಾರ ಮಾಡುವ ಯಂತ್ರ. ಅದರಿಂದ ಕೈಯಲ್ಲಿ ಹಿಡಿಯುವ ಐದು ವಾಟ್ ಸೆಟ್ಟಿನವನ ದನಿಯೂ ಬೆಟ್ಟದ ಆಚೆ ಮುಟ್ಟುತ್ತದೆ. ಆದರೆ ರಿಪೀಟರ್ ಒಂದೇ, ಬಳಸುವವರು ನೂರಾರು ಮಂದಿ. ಗಂಟೆಗಟ್ಟಲೆ ಹರಟೆ ಹೊಡೆಯುವುದಿದ್ದರೆ ಅದನ್ನು ಬಿಟ್ಟುಕೊಟ್ಟು ನೇರ ತರಂಗಕ್ಕೆ ಹೋಗಬೇಕು ಎಂಬುದು ಹ್ಯಾಮ್‌ಗಳ ಹಳೆಯ ಮರ್ಯಾದೆ. ಈ ಮೂವರೂ ಅದನ್ನೇ ಪಾಲಿಸಿದರು. ಇತರರಿಗೆ ತೊಂದರೆಯಾಗಬಾರದೆಂದು ರಿಪೀಟರ್ ಬಿಟ್ಟ ದಿನದಿಂದಲೇ ಇವರ ನಡುವೆ ಬಿರುಕು ಶುರುವಾಗಿದೆ.

ಮುಂದಿನ ಭಾನುವಾರ ನಾನು ಥಾಣೆಯ ಕೋಲ್‌ಶೇತ್‌ನಲ್ಲಿದ್ದೆ, ಆ ಹುಡುಗಿಯ ಮನೆಯಲ್ಲಿ. ಹದಿನೇಳನೆಯ ಮಾಳಿಗೆ. ಬಾಲ್ಕನಿಯಿಂದ ಪೂರ್ವಕ್ಕೆ ನೋಡಿದರೆ ಉಲ್ಹಾಸ್ ಖಾಡಿಯ ನೀರು ಬೆಳ್ಳಗೆ ಡೊಂಬಿವಲಿಯತ್ತ ಚಾಚಿಕೊಂಡಿದೆ, ನಡುವೆ ತಡೆಯಿಲ್ಲ. ದಕ್ಷಿಣಕ್ಕೆ ಊರಿನ ತಾರಸಿಗಳ ಮೇಲಿಂದ ದೃಷ್ಟಿ ಥಾಣೆ ಖಾಡಿಯ ಗುಂಟ ಐರೋಲಿಯವರೆಗೆ ಹೋಗುತ್ತದೆ. ಇವೆರಡರ ನಡುವೆ ಮುಂಬ್ರಾದ ಕಡಿದಾದ ಕಲ್ಲುಗೋಡೆಯಿಂದ ಶುರುವಾಗಿ ಪಾರ್ಸಿಕ್ ಸಾಲು. ಅಲ್ಲಿ ನಿಂತವರಿಗೆ ಯಾರೂ ಏನೂ ವಿವರಿಸಬೇಕಾಗಿಲ್ಲ. ಈ ಮನೆಗೆ ಇಬ್ಬರೂ ಕೇಳಿಸುತ್ತಾರೆ. ಅವರಿಗೆ ಈ ಮನೆ ಕೇಳಿಸುತ್ತದೆ. ಅವರಿಬ್ಬರಿಗೆ ಪರಸ್ಪರ ಕೇಳಿಸುವುದಿಲ್ಲ.

ಹುಡುಗಿ ಮಾತು ಮುಗಿಸಿ ಬಟನ್ ಬಿಟ್ಟಳು. ಅದೇ ಕ್ಷಣ ಎರಡೂ ಬದಿಯಿಂದ ಇಬ್ಬರು ಹಿರಿಯರು ಒಟ್ಟಿಗೆ ಮಾತು ಶುರು ಮಾಡಿದರು. ಸ್ಪೀಕರಿನಲ್ಲಿ ಅರೆಕ್ಷಣ ಗೊರಗೊರ, ಆಮೇಲೆ ಐರೋಲಿಯ ದನಿ ಮಾತ್ರ ನಿಚ್ಚಳವಾಗಿ ಬಂತು: ಹಳೆಯ ಆಂಟೆನಾ ಕೆಳಗಿಳಿಸಬೇಕೆಂದಿದ್ದೇನೆ, ಈ ವಾರವೇ ಮಾಡಲೇ? ಡೊಂಬಿವಲಿಯವರು ಅದೇ ಹೊತ್ತಿನಲ್ಲಿ ಏನು ಹೇಳುತ್ತಿದ್ದರೋ ಒಂದಕ್ಷರವೂ ಇಲ್ಲಿಗೆ ಮುಟ್ಟಲಿಲ್ಲ. ಹುಡುಗಿ ಬೇಡವೆಂದು ಉತ್ತರಿಸಿದಳು: “ಈ ವಾರ ನಕೋ ಕಾಕಾ, ಮಳೆ ಇದೆ. ಮುಂದೆ ನೋಡೋಣ.” ಸಂಜೆ ಫೋನ್ ಮಾಡಿ ವಿಚಾರಿಸಿದಾಗ ಗೊತ್ತಾಯಿತು, ಡೊಂಬಿವಲಿಯವರು ಆಗ ಕೇಳಿದ್ದು ಇದು: ಈ ವಾರ ನಿಮ್ಮ ಮನೆಗೆ ಬರಲೇ? ಅವರ ಕಿವಿಗೆ ಬಿದ್ದ ಉತ್ತರ, “ಈ ವಾರ ನಕೋ ಕಾಕಾ.” ಯಾರೂ ಯಾರನ್ನೂ ಅವಮಾನಿಸಿರಲಿಲ್ಲ. ಆದರೂ ಒಬ್ಬರ ಮನಸ್ಸಿಗೆ ಪೆಟ್ಟು ಬಿದ್ದಿತ್ತು.

ಇದರ ಹಿಂದಿನ ಭೌತಶಾಸ್ತ್ರವನ್ನು ಪ್ರತಿಯೊಬ್ಬ ರೇಡಿಯೊ ಬಳಕೆದಾರನೂ ತಿಳಿದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಈ ಸೆಟ್ಟುಗಳು ಎಫ್‌ಎಂ ವಿಧಾನದವು. ಎಫ್‌ಎಂ ರಿಸೀವರಿಗೆ ಒಂದೇ ತರಂಗದಲ್ಲಿ ಎರಡು ದನಿ ಬಂದರೆ ಬಲವಾದದ್ದು ಕ್ಷೀಣವಾದದ್ದನ್ನು ಪೂರಾ ನುಂಗಿಬಿಡುತ್ತದೆ. ಬಲದಲ್ಲಿ ತುಸುವೇ ಹೆಚ್ಚಿದ್ದರೂ ಸಾಕು. ಕೇಳುವವನಿಗೆ ಇನ್ನೊಬ್ಬ ಮಾತಾಡಿದ್ದೇ ಗೊತ್ತಾಗುವುದಿಲ್ಲ. ಮಾತಾಡುವವನಿಗಂತೂ ಗೊತ್ತಾಗುವ ದಾರಿಯೇ ಇಲ್ಲ, ಏಕೆಂದರೆ ಬಟನ್ ಒತ್ತಿದಷ್ಟು ಹೊತ್ತು ಅವನ ಸೆಟ್ಟು ಕಿವುಡು. ಟೆಲಿಫೋನಿನಲ್ಲಿ ಮಾತಾಡುತ್ತಲೇ ಕೇಳಬಹುದು, ಇಲ್ಲಿ ಆಗದು. ಹಾಗಾಗಿ ಎರಡು ನಿಮಿಷ ಮನಸ್ಸು ಬಿಚ್ಚಿ ಮಾತಾಡಿದವನು ಬಟನ್ ಬಿಟ್ಟಾಗ ಜಗತ್ತು ತನ್ನನ್ನು ಬಿಟ್ಟು ಬೇರೆಯವರ ಜೊತೆ ಮಾತಾಡುತ್ತಿರುವುದನ್ನು ಕೇಳುತ್ತಾನೆ. ಇದಕ್ಕಿಂತ ನೋವಿನ ಕೂಟ ಇನ್ನೊಂದಿಲ್ಲ.

ಇದರ ಮೇಲೆ ಸ್ಕ್ವೆಲ್ಚ್ ಎಂಬ ಗುಂಡಿ ಬೇರೆ. ಯಾರೂ ಮಾತಾಡದಾಗ ಸ್ಪೀಕರಿನಿಂದ ಬರುವ ಭುಸುಗುಟ್ಟುವ ಸದ್ದನ್ನು ತಡೆಯಲು ಅದನ್ನು ಬಿಗಿ ಮಾಡುತ್ತಾರೆ. ಪಟ್ಟಣದ ಎಲ್‌ಇಡಿ ದೀಪ, ಚಾರ್ಜರ್, ಲಿಫ್ಟ್ ಮೋಟರುಗಳ ಗದ್ದಲ ತಾಳಲಾರದೆ ನಮ್ಮ ಹಿರಿಯರಿಬ್ಬರೂ ಅದನ್ನು ಗಟ್ಟಿಯಾಗಿ ತಿರುಗಿಸಿಟ್ಟಿದ್ದರು. ಬೆಟ್ಟದ ನೆತ್ತಿಯಲ್ಲಿ ಬಾಗಿ ಬರುವ ಕ್ಷೀಣ ಅಲೆ ಅವರ ಆಂಟೆನಾಕ್ಕೆ ಮುಟ್ಟುತ್ತಿತ್ತು. ಗುಂಡಿ ಅದನ್ನು ಬಾಗಿಲಲ್ಲೇ ತಡೆಯುತ್ತಿತ್ತು.

ಐರೋಲಿಗೆ ಹೋಗಲು ಥಾಣೆಯಿಂದ ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿದೆ. ಒಂದು ಬದಿಗೆ ಖಾಡಿಯ ಮ್ಯಾಂಗ್ರೋವ್ ಕಾಡು. 2015ರಲ್ಲಿ ಇದರ ಒಂದು ಭಾಗ ಫ್ಲೆಮಿಂಗೊ ಅಭಯಾರಣ್ಯವಾಯಿತು. ಇನ್ನೊಂದು ಬದಿಗೆ ಕಾರ್ಖಾನೆಗಳ ಪಟ್ಟಿ, ಅದರ ಬೆನ್ನಿಗೆ ಬೆಟ್ಟ. ಐರೋಲಿಯ ಗೃಹಸ್ಥರು ಮರಾಠಿಗರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಯ ಹಿಂದೆಯೇ ಎದ್ದು ನಿಂತ ಬೆಟ್ಟ ತೋರಿಸಿ, ಮಳೆಗಾಲದಲ್ಲಿ ಅದರ ಮೇಲಿಂದ ಇಳಿಯುವ ಝರಿಗಳ ಬಗ್ಗೆ ಅಕ್ಕರೆಯಿಂದ ಹೇಳಿದರು. ಆಮೇಲೆ ದನಿ ತಗ್ಗಿಸಿ, “ಡೊಂಬಿವಲಿಯವರಿಗೆ ನನ್ನ ಮೇಲೆ ಯಾಕೋ ಸಿಟ್ಟು. ನಾನು ಮಾತಾಡಿದರೆ ಉತ್ತರವೇ ಕೊಡುವುದಿಲ್ಲ,” ಎಂದರು. ಬೆಟ್ಟದ ಈ ಬದಿಯಲ್ಲೂ ಅದೇ ದೂರು, ಹೆಚ್ಚು ಕಡಿಮೆ ಅದೇ ಮಾತುಗಳಲ್ಲಿ.

ಇಬ್ಬರು ಒಟ್ಟಿಗೆ ಮಾತಾಡಿದ್ದರಿಂದ ಜಗತ್ತು ತೆತ್ತ ಅತಿ ದೊಡ್ಡ ಬೆಲೆ 1977ರ ಮಾರ್ಚ್ 27ರಂದು, ಕ್ಯಾನರಿ ದ್ವೀಪಗಳ ಟೆನೆರಿಫ್‌ನಲ್ಲಿ. ಮಂಜು ಕವಿದ ರನ್‌ವೇಯಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಹಾರಲು ಹೊರಟ ಕೆಎಲ್‌ಎಂ ವಿಮಾನಕ್ಕೆ ನಿಯಂತ್ರಕ ಮೊದಲು ‘ಓಕೆ’ ಎಂದ, ಬೆನ್ನಿಗೇ ತಡೆಯಿರಿ, ನಾನೇ ಕರೆಯುತ್ತೇನೆ ಎಂದ. ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಎಂದು ಪ್ಯಾನ್ ಆಮ್ ವಿಮಾನದವರು ಅದೇ ಕ್ಷಣದಲ್ಲಿ ಹೇಳಿದರು. ಎರಡೂ ಮಾತು ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕೆಲವು ಸೆಕೆಂಡು ಕೀರಲು ಸದ್ದಾಯಿತು. ನಿಚ್ಚಳವಾಗಿ ಉಳಿದದ್ದು ‘ಓಕೆ’ ಒಂದೇ. ಆ ಅಪಘಾತದ ನಂತರ ವಿಮಾನಗಳಿಗೆ ಹಾರಲು ನಿಜವಾಗಿ ಅನುಮತಿ ಕೊಡುವಾಗ ಅಥವಾ ಹಿಂಪಡೆಯುವಾಗ ಮಾತ್ರ ‘ಟೇಕಾಫ್’ ಎಂಬ ಪದ ಬಳಸಬೇಕೆಂಬ ಕಟ್ಟುಪಾಡು ಬಂತು. ವಿಮಾನಗಳ ರೇಡಿಯೊ ಇಂದಿಗೂ ಹಳೆಯ ಎಎಂ ವಿಧಾನದಲ್ಲೇ ಇದೆ. ಅದಕ್ಕೆ ಒಂದು ಒಳ್ಳೆಯ ಕಾರಣವಿದೆ: ಇಬ್ಬರು ಒಟ್ಟಿಗೆ ಮಾತಾಡಿದರೆ ಕೀರಲು ಸದ್ದಾದರೂ ಕೇಳುತ್ತದೆ, ಒಬ್ಬನ ದನಿ ಗುರುತಿಲ್ಲದೆ ಅಳಿದುಹೋಗುವುದಿಲ್ಲ.

ರೇಡಿಯೊ ಮಾತು ಸರಿಯಾಗಿ ಮುಟ್ಟದೆ ಆದ ನಮ್ಮ ದೇಶದ ಗಾಯವೂ ಇದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ವಿಮಾನಕ್ಕೂ ಕಜಕಿಸ್ತಾನದ ವಿಮಾನಕ್ಕೂ ಆಕಾಶದಲ್ಲೇ ಡಿಕ್ಕಿಯಾಗಿ 349 ಮಂದಿ ತೀರಿಕೊಂಡರು. ಕಜಕ್ ವಿಮಾನದಲ್ಲಿ ನಿಯಂತ್ರಕರ ಜೊತೆ ಮಾತಾಡಲು ಬೇರೆಯೇ ರೇಡಿಯೊ ಆಪರೇಟರ್ ಇದ್ದ. ವಿಮಾನ ನಡೆಸುವವರ ಇಂಗ್ಲಿಷ್ ದುರ್ಬಲವಾಗಿತ್ತು. ಇಳಿಯಲು ಕೊಟ್ಟ 15,000 ಅಡಿಯ ಮಿತಿಗಿಂತ ಅದು ಕೆಳಗಿಳಿದಿತ್ತು.

ಇಂಥ ತಪ್ಪು ತಡೆಯುವ ಶಿಸ್ತು ನನಗೆ ಸಿಕ್ಕಿದ್ದು ರೈಲಿನವರಲ್ಲಿ. ಕಲ್ಯಾಣ್‌ನಲ್ಲಿ ನಾನು ಭೇಟಿಯಾದ ನಿವೃತ್ತ ರೈಲ್ವೆ ಗಾರ್ಡ್ ಕಲಬುರಗಿಯ ಕಡೆಯವರು. ಗಾರ್ಡ್ ಹುದ್ದೆಗೆ 2022ರಿಂದ ಟ್ರೇನ್ ಮ್ಯಾನೇಜರ್ ಎಂಬ ಹೆಸರು ಬಂದಿದೆ. ಇವರು ಅದಕ್ಕೂ ಮೊದಲಿನವರು. ಗೂಡ್ಸ್ ಗಾಡಿಗಳಲ್ಲಿ ವರ್ಷಾನುಗಟ್ಟಲೆ ಭೋರ್ ಘಾಟ್ ಹತ್ತಿಳಿದಿದ್ದಾರೆ. ಕರ್ಜತ್‌ನಿಂದ ಲೋನಾವಳಕ್ಕೆ 37 ಅಡಿಗೆ ಒಂದಡಿ ಏರು. ಗಾಡಿಯ ಹಿಂದೆ ಬ್ಯಾಂಕರ್ ಎಂಜಿನ್‌ಗಳು ಕೂಡಿಕೊಂಡು ತಳ್ಳುತ್ತವೆ. ಮುಂದಿನವನು ಎಳೆಯುವುದೂ ಹಿಂದಿನವನು ತಳ್ಳುವುದೂ ಹೊಂದದಿದ್ದರೆ ಗಾಡಿಗೆ ಅಪಾಯ. ಒಬ್ಬರಿಗೊಬ್ಬರು ಕಾಣುವುದಿಲ್ಲ, ನಡುವೆ ಸುರಂಗಗಳು. ಇರುವುದು ಸೀಟಿಯ ಸಂಕೇತ ಮತ್ತು ವಾಕಿಟಾಕಿ.

“ವಾಕಿಟಾಕಿನ್ಯಾಗ ಹೂಂ ಅಂದ್ರ ಏನೂ ಹೇಳಿಧಂಗ ಅಲ್ರೀ,” ಎಂದರು ಅವರು. “ಏನು ಕೇಳೇನಿ ಅನ್ನೋದನ್ನ ತಿರುಗಿ ಹೇಳ್ಬೇಕು. ಮೊದಲ ಗಾಡಿ ನಂಬರ, ಆಮ್ಯಾಲ ಮಾತು. ನಂಬರ ಹೇಳ್ದ ನಿಲ್ಲಸು ಅಂದ್ರ ಯಾವ ಗಾಡಿ ನಿಲ್ಲಬೇಕು? ಇಡೀ ಯಾರ್ಡ್ ಕೇಳ್ತಿರ್ತೈತಿ.”

ಸ್ಟೇಶನ್ ಮಾಸ್ತರರು ಲೈನ್ ಕ್ಲಿಯರ್, ಅಂದರೆ ಗಾಡಿ ಬರಲು ಅನುಮತಿ, ಕೊಡುವಾಗ ವಿನಿಮಯ ಮಾಡಿಕೊಳ್ಳುವ ಪ್ರೈವೇಟ್ ನಂಬರಿನ ಬಗ್ಗೆಯೂ ಅವರು ಹೇಳಿದರು. ಮಾತು ಕೊಟ್ಟವನು ತನ್ನ ಹಾಳೆಯಿಂದ ಒಂದು ಸಂಖ್ಯೆ ಕೊಡುತ್ತಾನೆ, ಪಡೆದವನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾನೆ. ಆ ಸಂಖ್ಯೆ ಇಲ್ಲದ ಮಾತಿಗೆ ಬೆಲೆಯಿಲ್ಲ. ನನ್ನ ಇಡೀ ಪ್ರವಾಸದಲ್ಲಿ ರೇಡಿಯೊ ಶಿಸ್ತಿನ ಬಗ್ಗೆ ಇಷ್ಟು ಚೊಕ್ಕ ಪಾಠ ಬೇರೆ ಸಿಗಲಿಲ್ಲ. ಹ್ಯಾಮ್‌ಗಳು ‘ರೋಜರ್’ ಎಂದಾಗ ‘ಕೇಳಿಸಿತು’ ಎಂದಷ್ಟೇ ಅರ್ಥ, ‘ಒಪ್ಪಿದೆ’ ಎಂದಲ್ಲ. ಹಾಗಿದ್ದೂ ಮುಖ್ಯ ಸಂಗತಿಯಿದ್ದಲ್ಲಿ ರೋಜರ್ ಸಾಲದು, ಕೇಳಿದ್ದನ್ನು ತಿರುಗಿ ಹೇಳಬೇಕು.

ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಇಕ್ಕೆಲದ ದೊಡ್ಡ ಕಾಂಪ್ಲೆಕ್ಸ್‌ಗಳ ಗೇಟುಗಳಲ್ಲಿ ನಿಂತ ಸೆಕ್ಯುರಿಟಿಯವರನ್ನು ಮಾತಾಡಿಸುತ್ತ ಒಂದು ಮಧ್ಯಾಹ್ನ ಅಡ್ಡಾಡಿದೆ. ಅವರ ಕೈಯಲ್ಲಿರುವಂಥ, 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ 2018ರ ನಿಯಮದಂತೆ ಪರವಾನಗಿ ಬೇಡ. ಅಗ್ಗ, ಹಗುರ, ಅಂಗಡಿಯಿಂದ ತಂದವರೇ ಬಳಸಬಹುದು. ಚಾನೆಲ್‌ಗಳು ಬೆರಳೆಣಿಕೆಯಷ್ಟು, ಕಾಂಪ್ಲೆಕ್ಸ್‌ಗಳು ಲೆಕ್ಕವಿಲ್ಲದಷ್ಟು. ‘ಬಿ ವಿಂಗ್ ಗೇಟ್ ತೆರೆ’ ಎಂದು ಒಬ್ಬ ಹೇಳಿದರೆ ಪಕ್ಕದ ಕಾಂಪ್ಲೆಕ್ಸಿನ ಬಿ ವಿಂಗ್‌ನವನೂ ಎದ್ದು ನಿಲ್ಲುತ್ತಾನೆ. ಇದಕ್ಕೆ ಪರಿಹಾರವೆಂದು ಕಂಪನಿಗಳು ‘ಪ್ರೈವಸಿ ಕೋಡ್’ ಎಂಬ ಸೌಲಭ್ಯ ಕೊಡುತ್ತವೆ. ಆ ಹೆಸರು ಜನರನ್ನು ದಾರಿ ತಪ್ಪಿಸುತ್ತದೆ ಎಂದೇ ನನ್ನ ಅಭಿಪ್ರಾಯ. ಅದು ನಮ್ಮ ಮಾತನ್ನು ಗುಟ್ಟಾಗಿಡುವುದಿಲ್ಲ. ಕಿವಿಗೆ ಕೇಳದ ಒಂದು ಸಣ್ಣ ಸ್ವರವನ್ನು ಸೇರಿಸಿ, ಆ ಸ್ವರವಿಲ್ಲದ ಇತರರ ದನಿಯನ್ನು ನಮ್ಮ ಸ್ಪೀಕರಿನಲ್ಲಿ ಅಡಗಿಸುತ್ತದೆ, ಅಷ್ಟೇ. ಅವರು ಮಾತಾಡುತ್ತಲೇ ಇರುತ್ತಾರೆ. ನಾವು ಚಾನೆಲ್ ಖಾಲಿ ಎಂದುಕೊಂಡು ಅವರ ಮೇಲೆ ಮಾತಾಡುತ್ತೇವೆ. ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡ ಸುದ್ದಿ ಅಂಥ ಹೊತ್ತಿನಲ್ಲಿ ಅಳಿಸಿಹೋಗಬಹುದು. ಬಟನ್ ಒತ್ತುವ ಮೊದಲು ಮಾನಿಟರ್ ಗುಂಡಿ ಒತ್ತಿ ಕೇಳಿಕೊಳ್ಳಬೇಕು ಎಂಬುದನ್ನು ಯಾರೂ ಆ ಕಾವಲಿನವರಿಗೆ ಕಲಿಸಿರಲಿಲ್ಲ. ತೋರಿಸಿಕೊಟ್ಟಾಗ ಎರಡೇ ನಿಮಿಷದಲ್ಲಿ ಕಲಿತರು.

ಪರವಾನಗಿ ಬೇಕಾದ ಸೆಟ್ಟುಗಳೂ ಇದೇ ಹಗುರತನದಲ್ಲಿ ಆನ್‌ಲೈನ್ ಮಾರಾಟವಾಗುತ್ತಿದ್ದವು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ಸರಿಯಾದ ಕ್ರಮವೇ. ಪರೀಕ್ಷೆ ಬರೆದವನಿಗೆ ಕನಿಷ್ಠ ಯಾವ ತರಂಗದಲ್ಲಿ ಯಾರು ಇರುತ್ತಾರೆ ಎಂಬ ಅರಿವು ಇರುತ್ತದೆ.

ಮುಂಬಯಿ ಸೀಮೆಯ ಚಾನೆಲ್‌ನಲ್ಲಿ ಮರಾಠಿ, ಹಿಂದಿ, ಗುಜರಾತಿ, ಇಂಗ್ಲಿಷ್ ಹಾಸುಹೊಕ್ಕು. ನಮ್ಮ ಡೊಂಬಿವಲಿಯವರಿಗೆ ನೆರೂಳ್‌ನ ಒಬ್ಬ ಗೆಳೆಯರು ಸಿಕ್ಕಿದರೆ ಮಾತು ತುಳುವಿಗೆ ತಿರುಗುತ್ತದೆ. ಕಾನೂನು ಅಡ್ಡಿ ಮಾಡುವುದಿಲ್ಲ. 1978ರ ಹವ್ಯಾಸಿ ರೇಡಿಯೊ ನಿಯಮಗಳು ತಡೆಯುವುದು ಗುಟ್ಟಿನ ಸಂಕೇತ ಭಾಷೆಯನ್ನು, ವ್ಯಾಪಾರದ ಸಂದೇಶವನ್ನು, ಹಾಡು ಹಾಕುವುದನ್ನು. ಆದರೂ ಒಮ್ಮೆ ಕೇಳುಗರೊಬ್ಬರಿಗೆ ತಮ್ಮ ಬಗ್ಗೆಯೇ ಏನೋ ಆಡಿಕೊಳ್ಳುತ್ತಿದ್ದಾರೆ ಅನ್ನಿಸಿತಂತೆ. ಅಂದಿನಿಂದ ಇವರು ಮೊದಲೇ ಹಿಂದಿಯಲ್ಲಿ ಹೇಳುತ್ತಾರೆ: ಐದು ನಿಮಿಷ ನಮ್ಮ ಊರ ಭಾಷೆಯಲ್ಲಿ ಮಾತಾಡುತ್ತೇವೆ, ಯಾರಿಗಾದರೂ ತುರ್ತಿದ್ದರೆ ನಡುವೆ ಬನ್ನಿ. ಇಷ್ಟು ಹೇಳಿದರೆ ಸಾಕು. ತಾಯಿನುಡಿಯನ್ನು ಬಿಡಬೇಕಾಗಿಲ್ಲ, ಬಾಗಿಲು ತೆರೆದಿಟ್ಟರಾಯಿತು.

ಆ ಬಾಗಿಲು ಎಂದರೆ ಇಬ್ಬರ ಮಾತಿನ ನಡುವಿನ ಬಿಡುವು. ಒಬ್ಬರು ಬಟನ್ ಬಿಟ್ಟ ಮೇಲೆ ಇನ್ನೊಬ್ಬರು ಒತ್ತುವ ಮೊದಲು ಎರಡು ಸೆಕೆಂಡು ಸುಮ್ಮನಿರಬೇಕು. ತುರ್ತಿನವನು ‘ಬ್ರೇಕ್’ ಎಂದು ಒಳಬರಲು ಅವನಿಗಿರುವ ಜಾಗ ಅಷ್ಟೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದು ಮೊಬೈಲು, ರೈಲು ಎಲ್ಲ ಕೈಕೊಟ್ಟದ್ದನ್ನು ಇಲ್ಲಿನವರು ಮರೆತಿಲ್ಲ. 2019ರ ಜುಲೈ 27ರಂದು ಉಲ್ಹಾಸ್ ನದಿ ಉಕ್ಕಿ, ಬದ್ಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತಾಗ ಸಾವಿರಕ್ಕೂ ಹೆಚ್ಚು ಮಂದಿಯನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಅಂಥ ದಿನ ಕೈಸೆಟ್ಟಿನ ಬ್ಯಾಟರಿಯಲ್ಲಿ ಉಳಿದ ಒಂದೇ ಕರೆ ಹರಟೆಯ ಅಡಿಯಲ್ಲಿ ಸಿಕ್ಕಿ ಸಾಯಬಾರದು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಅಂಡಮಾನಿನಲ್ಲಿ ರೇಡಿಯೊ ಕೇಂದ್ರ ನಡೆಸುತ್ತಿದ್ದರು. ಅಪರೂಪದ ದ್ವೀಪವೆಂದು ಜಗತ್ತಿನ ಹ್ಯಾಮ್‌ಗಳೆಲ್ಲ ಅವರ ಸಂಪರ್ಕಕ್ಕೆ ಹಾತೊರೆಯುತ್ತಿದ್ದರು. 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿದ ಮೇಲೆ ಅದೇ ಕೇಂದ್ರ ಸಂತ್ರಸ್ತರ ಸುದ್ದಿಯನ್ನು ಹೊರಗಿನವರಿಗೆ ತಲುಪಿಸುವ ಕೊಂಡಿಯಾಯಿತು. ಅಂಥ ಹೊತ್ತಿನಲ್ಲಿ ಉಳಿದವರು ಮಾಡಬಹುದಾದ ದೊಡ್ಡ ಸಹಾಯ ಬಾಯಿ ಮುಚ್ಚಿಕೊಂಡು ಕೇಳುವುದೇ.

ಬೆಟ್ಟದ ಎರಡು ಬದಿಯ ಹಿರಿಯರಿಗೆ ಹುಡುಗಿಯೇ ದಾರಿ ಕಂಡುಕೊಟ್ಟಳು. ಮೂವರ ಮಾತಿಗೆ ಅವಳೇ ನೆಟ್ ಕಂಟ್ರೋಲ್, ಅಂದರೆ ಸರದಿ ನಡೆಸುವವಳು. ತನ್ನ ಮಾತು ಮುಗಿಸುವಾಗ ಮುಂದೆ ಯಾರು ಮಾತಾಡಬೇಕೆಂದು ಹೆಸರಿಸಿಯೇ ಬಟನ್ ಬಿಡುತ್ತಾಳೆ. ಇಬ್ಬರೂ ಸ್ಕ್ವೆಲ್ಚ್ ಸಡಿಲಿಸಿದ್ದಾರೆ; ಭುಸುಗುಟ್ಟುವ ಸದ್ದಿನಡಿ ಒಬ್ಬರ ದನಿ ಇನ್ನೊಬ್ಬರಿಗೆ ಒಮ್ಮೊಮ್ಮೆ ಸಣ್ಣಗೆ ಸಿಗುತ್ತದಂತೆ. ಡೊಂಬಿವಲಿಯವರು ಐರೋಲಿಗೆ ಹೋಗಿ ಹಳೆಯ ಆಂಟೆನಾ ಇಳಿಸಲು ಕೈಜೋಡಿಸಿ ಬಂದರು.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಸಂಘಗಳಲ್ಲಿ ನನ್ನದೊಂದು ಬಿನ್ನಹ. ಹನ್ನೆರಡು ತುಂಬಿದವರು ಯಾರೇ ಆಗಲಿ ಹವ್ಯಾಸಿ ರೇಡಿಯೊ ಪರೀಕ್ಷೆಗೆ ಕೂರಬಹುದು. ನಿಮ್ಮ ಶಾಲೆ, ಸಭಾಗೃಹಗಳಲ್ಲಿ ವರ್ಷಕ್ಕೊಂದು ತರಗತಿ ನಡೆಸಿ, ಮುಂದಿನ ಮಳೆಗಾಲಕ್ಕೆ ಮೊದಲೇ ಶುರುಮಾಡಿ. ಮೊದಲ ವಾರ ಮಕ್ಕಳ ಕೈಗೆ ಬಟನ್ ಇಲ್ಲದ ಬರೀ ರಿಸೀವರ್ ಕೊಡಿ.